ರೋಲು ಮುಗಿಸಲು ತೆಗೆದ ಚಿತ್ರಗಳು

ದೂಮಪ್ಪ ಸಾಲ್ಯಾನ್ ತಮ್ಮ ಜೀವಮಾನದಲ್ಲಿ ಒಂದು ಕಾಗದವನ್ನೂ ಎಸೆದವರಲ್ಲ. ಕಾಪು ಪೇಟೆಯಲ್ಲಿ ಒಂದು ಕ್ಯಾಮೆರಾ, ಒಂದು ಸ್ಟೂಲು ಇಟ್ಟುಕೊಂಡು ಸ್ಟುಡಿಯೋ ತೆರೆದವರು, ಮುಂದೆ ಕಾರ್ಕಳದಲ್ಲಿ ಇನ್ನೊಂದು ಅಂಗಡಿ, ಉಡುಪಿಯಲ್ಲಿ ಕಲರ್ ಲ್ಯಾಬ್ ಎಂದು ವ್ಯಾಪಾರ ಬೆಳೆಸಿದರು. ಅದರ ಜೊತೆಗೇ ಪಕ್ಷದಲ್ಲೂ ಬೆಳೆದರು. ಒಮ್ಮೆ ತಾಲೂಕು ಪಂಚಾಯತಿಗೆ ಗೆದ್ದರು, ಇನ್ನೊಮ್ಮೆ ಸೋತರು. ವಿಧಾನಸಭೆಯ ಟಿಕೆಟಿಗೆ ಮಾತ್ರ ಕೊನೆಯ ತನಕ ಬಾಗಿಲ ಹೊರಗೇ ನಿಂತರು. ಸಭೆಗಳ ಕರಪತ್ರ, ಮಂತ್ರಿಗಳಿಗೆ ಕೊಟ್ಟ ಮನವಿಗಳ ಕಾರ್ಬನ್ ಪ್ರತಿ, ಪೆನ್ಸಿಲಿನ ಗುರುತು ಹಾಕಿದ ಮತದಾರರ ಪಟ್ಟಿ, ಟಿಕೆಟು ತಪ್ಪಿದ ವರ್ಷ ಸಿಟ್ಟಿನಲ್ಲಿ ಬರೆದು ಕಳಿಸದೆ ಇಟ್ಟ ರಾಜೀನಾಮೆ, ದೊಡ್ಡವರ ಕೊರಳಿಗೆ ಹಾರ ಹಾಕುವಾಗ ತಾವೇ ಯಾರಿಗೋ ಕ್ಯಾಮೆರಾ ಕೊಟ್ಟು ತೆಗೆಸಿಕೊಂಡ ಫೋಟೋಗಳು, ಎಲ್ಲವೂ ಮನೆಯ ಮಹಡಿಯ ಕೋಣೆಯಲ್ಲಿ ಕಟ್ಟುಕಟ್ಟಾಗಿ ಉಳಿದವು. ಅವರು ತೀರಿಹೋಗಿ ವರ್ಷ ತುಂಬುವ ಹೊತ್ತಿಗೆ ಮಣಿಪಾಲದ ಒಂದು ಸಂಗ್ರಹ ಕೇಂದ್ರದಿಂದ ಕರೆ ಬಂತು. ಕರಾವಳಿಯ ಸಾಮಾನ್ಯ ಜನರ ಖಾಸಗಿ ಕಾಗದಪತ್ರಗಳನ್ನು ಕೂಡಿಡುವ ಕೇಂದ್ರವಂತೆ. ಮಗಳು ಶ್ರೇಯಾ ಉಡುಪಿಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಅವಳೇ ಮಾತಾಡಿ ಎಲ್ಲ ಗೊತ್ತು ಮಾಡಿದಳು.

ಪಟ್ಟಿ ಮಾಡಲು ಬಂದ ಹುಡುಗಿಯ ಹೆಸರು ಎಸ್ತರ್. ದೂಳಿಗೆ ಸೀನುತ್ತಾ, ಕೈಗೆ ಬಿಳಿ ಗವಸು ಹಾಕಿಕೊಂಡು, ಬೆಳಗಿನಿಂದ ಸಂಜೆಯ ತನಕ ಮಹಡಿಯಲ್ಲಿ ಕೂರುತ್ತಿದ್ದಳು. ದೂಮಪ್ಪನವರ ಹೆಂಡತಿ ಸ್ವರ್ಣಲತಾ ಚಹಾ ಕೊಂಡುಹೋದಾಗ ಎಸ್ತರ್‌ಳ ಮುಖ ನೋಡಿಯೇ ಗೊತ್ತಾಗುತ್ತಿತ್ತು, ಗಂಡನ ಕಾಗದಗಳು ಒಳ್ಳೆಯವು, ಆದರೆ ಇಂಥವನ್ನು ಈ ಹುಡುಗಿ ಬೇರೆ ಕಡೆಯೂ ನೋಡಿದ್ದಾಳೆ ಎಂದು. ಒಬ್ಬರ ಮನೆಯ ಮನವಿ ಇನ್ನೊಬ್ಬರ ಮನೆಯ ಮನವಿಯಂತೆಯೇ ಇರುತ್ತದೆ.

ಮೂಲೆಯ ಗೋದ್ರೇಜು ಕಪಾಟಿನ ಕೆಳಗಿನ ಅರೆಯಲ್ಲಿ ದುಬೈಯಿಂದ ಬಂದ ಬಿಸ್ಕತ್ತಿನ ಚೌಕ ಡಬ್ಬಿಯೊಂದು ಇತ್ತು. ಅದನ್ನು ಎಸ್ತರ್ ತೆರೆದಾಗ ಸ್ವರ್ಣಲತಾ ಚಹಾದ ಲೋಟ ಹಿಡಿದು ಬಾಗಿಲಲ್ಲೇ ಇದ್ದಳು.

"ಇದರಲ್ಲಿ ಎಂತ ಆಂಟಿ? ಲಕೋಟೆಗಳ ಮೇಲೆ ಬರೀ ಹೆಂಗಸರ ಹೆಸರು ಉಂಟಲ್ಲ?"

"ಅದು ಇವರದ್ದಲ್ಲ" ಎಂದಳು ಸ್ವರ್ಣಲತಾ. ನನ್ನದು ಎನ್ನಲು ಹೊರಟು ನಿಲ್ಲಿಸಿದಳು. ಅದು ಅವಳದ್ದು ಎನ್ನುವ ಹಾಗೂ ಇರಲಿಲ್ಲ.

ಎಸ್ತರ್ ಆಗಲೇ ಒಂದು ನೆಗೆಟಿವನ್ನು ಬಟರ್ ಪೇಪರಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಹಿಡಿದ ಕೈ ಇಳಿಯಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು. ಸೀನುವುದನ್ನೂ ಮರೆತಂತೆ ಕಂಡಳು.

"ಇದನ್ನೆಲ್ಲ ತೆಗೆದದ್ದು ಯಾರು?"

"ನಾನೇ. ರೋಲು ಮುಗಿಸಲಿಕ್ಕೆ ತೆಗೆದದ್ದು ಮಾರಾಯ್ತಿ, ಅದರಲ್ಲಿ ಎಂತ ಇಲ್ಲ."

ಇದ್ದದ್ದು ಹೀಗೆ. ಮದುವೆಯಾದ ಹೊಸತರಲ್ಲಿ ಹೆಜಮಾಡಿಯಿಂದ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಬಂದಿದ್ದಳು. ಕಿವಿ ಕಾಣಬೇಕು, ತಲೆಯ ಬಟ್ಟೆ ಹಿಂದಕ್ಕೆ ಸರಿಸಬೇಕು ಎಂದು ದೂಮಪ್ಪ ಹೇಳಿದರೆ ಅವಳು ಎದ್ದು ಹೊರಡಲು ಅಣಿಯಾದಳು. ಬಂದ ಗಿರಾಕಿಯನ್ನು ಕಳಿಸುವ ಜಾತಿ ದೂಮಪ್ಪನವರದ್ದಲ್ಲ. ಒಳಗೆ ಪ್ರಿಂಟು ಒಣಗಿಸುತ್ತಿದ್ದ ಹೆಂಡತಿಯನ್ನು ಕರೆದು, ಬೆಳಕು ತಾವೇ ಹೊಂದಿಸಿಟ್ಟು, "ನಾನು ಹೊರಗೆ ನಿಲ್ಲುತ್ತೇನೆ, ನೀನು ಇದನ್ನು ಒತ್ತು" ಎಂದರು. ಆ ಹೆಂಗಸು ಬೀಪಾತುಮ್ಮ. ಅವಳಿಂದ ಸುದ್ದಿ ಹರಡಿತು. ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಅರ್ಧ ಎಳೆದರೆ ಒಳಗೆ ಹೆಂಗಸರ ಹೊತ್ತು. ಗಲ್ಫಿಗೆ ಗಂಡನ ಹತ್ತಿರ ಹೋಗುವವರು, ಶಂಕರಪುರದ ಕ್ರಿಶ್ಚಿಯನ್ ಹೆಂಗಸರು, ಮೀನಿನ ಬುಟ್ಟಿಯನ್ನು ಹೊರಗೆ ಇಟ್ಟು ಬರುವವರು, ಎಲ್ಲರೂ ಬಂದರು.

ಒಂದು ರೋಲಿನಲ್ಲಿ ಇರುತ್ತಿದ್ದದ್ದೇ ಹನ್ನೆರಡು ಚಿತ್ರ. ಪಾಸ್‌ಪೋರ್ಟಿನವರಿಗೆ ಯಾವಾಗಲೂ ಅವಸರ. ರೋಲು ಪೂರ್ತಿಯಾಗುವ ತನಕ ಕಾಯುವ ಹಾಗಿಲ್ಲ. ಅರ್ಧದಲ್ಲೇ ತೆಗೆದು ತೊಳೆದರೆ ಉಳಿದದ್ದು ಹಾಳು. "ಹೇಗೂ ಹಾಳಾಗ್ತದೆ, ನಿಮಗೆ ಬೇಕಾದ ಹಾಗೆ ಒಂದು ಕೂತುಕೊಳ್ಳಿ" ಎಂದು ಸ್ವರ್ಣಲತಾ ಒಮ್ಮೆ ಹೇಳಿದ್ದು ಅಭ್ಯಾಸವಾಗಿ ಹೋಯಿತು. ಬೇಕಾದ ಹಾಗೆ ಎಂದರೆ ಏನೆಂದು ಮೊದಲು ಯಾರಿಗೂ ತೋಚುತ್ತಿರಲಿಲ್ಲ. ನೆಲ ನೋಡುತ್ತಿದ್ದರು, ನಗುತ್ತಿದ್ದರು. ಆಮೇಲೆ ಒಬ್ಬಳು ಜಡೆ ಬಿಚ್ಚುತ್ತಿದ್ದಳು. ಒಬ್ಬಳು ಗಂಡನ ವಾಚು ಕಟ್ಟಿಕೊಳ್ಳುತ್ತಿದ್ದಳು. ಶಂಕರಪುರದ ಬರ್ತಾ ವರ್ಷಗಟ್ಟಲೆ ಮಲ್ಲಿಗೆ ಕಟ್ಟಿ ಮಾರಿದವಳು, ತಾನು ಮುಡಿಯದವಳು. ಅವತ್ತು ಕಟ್ಟಿದ ಮಾಲೆಗಳ ಅಟ್ಟೆಯನ್ನು ಇಡೀ ಮುಡಿದು, ಕುತ್ತಿಗೆ ಭಾರವಾಗಿ ವಾಲಿಸಿಕೊಂಡೇ ಕೂತಿದ್ದಳು. ಸ್ವರ್ಣಲತಾ ಒಂದೇ ಪ್ರತಿ ಮಾಡಿ ತೋರಿಸುತ್ತಿದ್ದಳು. ನೋಡಿ, ಹಿಂದಕ್ಕೆ ಕೊಡುತ್ತಿದ್ದರು. ಮನೆಗೆ ಕೊಂಡುಹೋದರೆ ಸಾವಿರ ಪ್ರಶ್ನೆ. "ಪ್ರಿಂಟು ಹರಿದು ಬಿಡು. ಆ ಕಪ್ಪು ಫಿಲ್ಮು ನಿನ್ನ ಹತ್ತಿರವೇ ಇರಲಿ. ಯಾರಿಗೂ ತೋರಿಸಬೇಡ" ಎನ್ನುತ್ತಿದ್ದರು. ಆಯಿತು ಎಂದು ಸ್ವರ್ಣಲತಾ ಪ್ರತಿಯೊಬ್ಬಳಿಗೂ ಹೇಳಿದ್ದಳು.

ಎಸ್ತರ್ ಇದನ್ನೆಲ್ಲ ಕೇಳಿ ನೆಗೆಟಿವನ್ನು ಮತ್ತೆ ಬಟರ್ ಪೇಪರಿಗೆ ಸೇರಿಸಿದಳು. "ಆಂಟಿ, ಅಂಕಲ್ ಅವರ ಕಾಗದ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಇಂಥದ್ದು ನಾನು ಎಲ್ಲಿಯೂ ನೋಡಿಲ್ಲ. ಇದಕ್ಕೆ ನಿಮ್ಮ ಹೆಸರಿನಲ್ಲೇ ಒಂದು ಪ್ರದರ್ಶನ ಆಗಬೇಕು. ಕೆಲವು ಕೊಂಡುಹೋಗಿ ಸ್ಕ್ಯಾನ್ ಮಾಡಿ ನೋಡಲಾ?"

ಸ್ವರ್ಣಲತಾ ಬೇಡ ಎನ್ನಬೇಕಿತ್ತು. ಆದರೆ 'ನಿಮ್ಮ ಹೆಸರಿನಲ್ಲೇ' ಎಂಬ ಮಾತು ಎದೆಯೊಳಗೆ ಎಲ್ಲೋ ಹೋಗಿ ಕೂತಾಗಿತ್ತು. ಗಂಡನ ಭಾಷಣಗಳನ್ನು ನಕಲು ಮಾಡಿಕೊಟ್ಟವಳು ಅವಳು, ಎಷ್ಟೋ ಮದುವೆಗಳ ಫೋಟೋಗಳಿಗೆ ಕಲೆ ಅಳಿಸಿ ಟಚಿಂಗ್ ಮಾಡಿದವಳು ಅವಳು, ಹಿಂಬದಿಯ ಸೀಲು ಮಾತ್ರ ದೂಮಪ್ಪ ಸಾಲ್ಯಾನರದ್ದು. ಅದರ ಬಗ್ಗೆ ಅವಳಿಗೆ ದುಃಖವಿತ್ತೆಂದಲ್ಲ. ಇಲ್ಲವೆಂದು ಇಷ್ಟು ವರ್ಷ ಅಂದುಕೊಂಡಿದ್ದಳು, ಅಷ್ಟೇ.

"ಕೊಂಡುಹೋಗು" ಎಂದಳು.

ಸ್ಕ್ಯಾನ್ ಮಾಡಿದ್ದನ್ನು ನೋಡಲು ಮಣಿಪಾಲಕ್ಕೆ ಶ್ರೇಯಾಳೂ ಬಂದಳು. ಉಡುಪಿಯಲ್ಲಿ ಸಿಟಿ ಬಸ್ಸು ಬದಲಾಯಿಸುವಾಗ ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟದ್ದನ್ನು ನೋಡಿ, "ಸನ್ಮಾನಕ್ಕೆ ಹೋಗುವ ಹಾಗೆ ಕಾಣ್ತದೆ" ಎಂದು ತಮಾಷೆ ಮಾಡಿದಳು. ಸ್ವರ್ಣಲತಾ ನಕ್ಕಳು. ಒಳಗೊಳಗೇ ಹಾಗೇ ಅನಿಸಿತ್ತು.

ತಣ್ಣನೆಯ ಕೋಣೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ಎಸ್ತರ್ ಮೊದಲು ಬರ್ತಾಳನ್ನು ತೋರಿಸಿದಳು. ಅಂಗೈಯಲ್ಲಿ ಅಡಗುವ ನೆಗೆಟಿವಿನಲ್ಲಿ ಇದ್ದವಳು ಆಳೆತ್ತರ ಎದ್ದು ಬಂದಳು. ಮಲ್ಲಿಗೆಯ ಒಂದೊಂದು ಮೊಗ್ಗೂ ಕಾಣುತ್ತಿತ್ತು. ಬೆಳಕು ಎಡಗೆನ್ನೆಯ ಮೇಲಿಂದ ಇಳಿದು ಗಲ್ಲದ ಕೆಳಗೆ ಹೋಗಿ ಕರಗುವ ಜಾಗವನ್ನು ನೋಡಿ, ಇದನ್ನು ನಾನು ಗೊತ್ತಿದ್ದೇ ಮಾಡಿದ್ದೆ ಎಂದು ಸ್ವರ್ಣಲತಾಳಿಗೆ ನೆನಪಾಯಿತು. ದೀಪವನ್ನು ಸ್ವಲ್ಪ ಹಿಂದಕ್ಕೆ ಎಳೆದಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

"ಅಮ್ಮ" ಎಂದಳು ಶ್ರೇಯಾ. ಪರದೆಯಿಂದ ಅಮ್ಮನ ಕಡೆಗೆ ತಿರುಗಿದಳು. ಮಗಳು ಹಾಗೆ ತನ್ನನ್ನು ನೋಡಿದ್ದು ಸ್ವರ್ಣಲತಾಳಿಗೆ ಮೊದಲ ಸಲ.

ಎಸ್ತರ್ ಮುಂದಿನದನ್ನು ಒತ್ತಿದಳು.

ಪರದೆಯ ಮೇಲೆ ಸ್ವರ್ಣಲತಾಳೇ ಇದ್ದಳು. ಇಪ್ಪತ್ತರ ಮೇಲೆ ಎರಡೋ ಮೂರೋ ವಯಸ್ಸು. ಗಂಡನ ಖಾದಿ ವೇಸ್ಟ್‌ಕೋಟನ್ನು ಸೀರೆಯ ಮೇಲೆ ಹಾಕಿಕೊಂಡಿದ್ದಾಳೆ, ಎದುರಿಗೆ ಪಕ್ಷದ ಸಭೆಗೆಂದು ತಂದಿಟ್ಟ ಮೈಕು. ಬಲಗೈ ಮೇಲೆ ಎತ್ತಿದೆ. ಬಾಯಿ ತೆರೆದಿದೆ, ಕಣ್ಣಲ್ಲಿ ಸಾವಿರ ಜನರನ್ನು ನೋಡುವ ಬೆಂಕಿ. ಕ್ಯಾಮೆರಾದ ಟೈಮರ್ ತಿರುಗಿಸಿಟ್ಟು, ಓಡಿಹೋಗಿ ನಿಂತು ತೆಗೆದದ್ದು. ಡಬ್ಬಿಯಲ್ಲಿ ತನ್ನದೂ ಒಂದು ಇದೆ ಎಂಬುದನ್ನೇ ಮರೆತಿದ್ದಳು.

"ಇದು ನೀವೇ ಅಲ್ವಾ ಆಂಟಿ? ಎಂಥ ಚಂದ ಉಂಟು ನೋಡಿ. ಪ್ರದರ್ಶನದ ಬಾಗಿಲಲ್ಲಿ ಇದನ್ನೇ ಹಾಕಬಹುದು."

ಎಸ್ತರ್ ಪ್ರೀತಿಯಿಂದಲೇ ಹೇಳಿದ್ದಳು. ಸ್ವರ್ಣಲತಾಳಿಗೆ ಮಾತ್ರ ಕಿವಿಯ ತನಕ ಬಿಸಿಯೇರಿತು. ಸ್ನಾನದ ಮನೆಯ ಬಾಗಿಲನ್ನು ಯಾರೋ ತಳ್ಳಿದ ಹಾಗಾಯಿತು. ಕೈ ತಾನಾಗಿಯೇ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಿತು.

"ಮುಚ್ಚು ಮಗಾ, ಅದನ್ನು ಮುಚ್ಚು."

ಎಸ್ತರ್ ಕೊಂಡುಹೋಗಿದ್ದ ನೆಗೆಟಿವುಗಳು ಸ್ವರ್ಣಲತಾಳ ಚೀಲಕ್ಕೆ ಮರಳಿದವು. ಹಿಂದಿರುಗುವ ಬಸ್ಸಿನಲ್ಲಿ ಶ್ರೇಯಾ ಸುಮ್ಮನಿರಲಿಲ್ಲ. "ನಾಚಿಕೆ ಪಡುವಂಥದ್ದು ಅದರಲ್ಲಿ ಎಂತ ಉಂಟಮ್ಮ? ಅಪ್ಪನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವುದಲ್ಲ ಇದು. ನಿನ್ನದೇ ಕೆಲಸ, ನಿನ್ನದೇ ಹೆಸರು."

"ಕೆಲಸ ನನ್ನದು. ಮುಖ ನನ್ನದಲ್ಲ."

"ಆ ಹೆಂಗಸರಲ್ಲಿ ಎಷ್ಟು ಜನ ಈಗ ಇದ್ದಾರೋ. ಇದ್ದವರಿಗೂ ನೆನಪಿರುವುದಿಲ್ಲ."

"ನನಗೆ ನೆನಪುಂಟಲ್ಲ."

ಶ್ರೇಯಾ ಉಡುಪಿಯಲ್ಲೇ ಉಳಿದಳು. ಕಾಪು ಬರುವ ತನಕ ಸ್ವರ್ಣಲತಾ ಗಂಡನ ಬಗ್ಗೆ ಯೋಚಿಸಿದಳು. ಒಂದು ಚುನಾವಣೆಯಲ್ಲಿ ಕರಪತ್ರಕ್ಕೆ ನಗುವ ಹೆಂಗಸಿನ ಫೋಟೋ ಬೇಕೆಂದು ಅವರು ಈ ಡಬ್ಬಿಯನ್ನೇ ಕೇಳಿದ್ದರು. ಕೊಡುವುದಿಲ್ಲ ಎಂದಿದ್ದಳು. ಎರಡು ದಿನ ಮುಖ ಗಂಟು ಹಾಕಿಕೊಂಡರು, ಆಮೇಲೆ ಯಾವುದೋ ಕ್ಯಾಲೆಂಡರಿನ ಚಿತ್ರ ಹಾಕಿಸಿದರು. ಡಬ್ಬಿಯನ್ನು ಮುಟ್ಟಲಿಲ್ಲ. ಊರಿಗೆಲ್ಲ ಮಾತಲ್ಲಿ ಮನೆ ಕಟ್ಟಿಕೊಡುತ್ತಿದ್ದ ಮನುಷ್ಯ, ಈ ಒಂದರಲ್ಲಿ ಹೆಂಡತಿಯ ಮಾತು ಉಳಿಸಿದ್ದರು. ಅವರು ಓಟಿಗಾಗಿ ಮಾಡದ್ದನ್ನು ತಾನು ಹೆಸರಿಗಾಗಿ ಮಾಡುವುದೇ? ಹಾಗೆಂದು ಕೇಳಿಕೊಂಡರೂ, ಪರದೆಯ ಮೇಲೆ ಎದ್ದು ಬಂದ ಬರ್ತಾಳ ಗಲ್ಲದ ಬೆಳಕು ಕಣ್ಣಿಂದ ಹೋಗಲಿಲ್ಲ. ಅದನ್ನು ಮತ್ತೆ ಡಬ್ಬಿಯೊಳಗೆ ಮುಚ್ಚಿಡಲು ಮನಸ್ಸು ಬರಲಿಲ್ಲ.

ಮರುದಿನ ಹೆಜಮಾಡಿಗೆ ಹೋದಳು.

ಬೀಪಾತುಮ್ಮ ತನ್ನ ಮಗ ನಿಯಾಝ್ ಕಟ್ಟಿಸಿದ ಹೊಸ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ತಲೆಯ ಬಟ್ಟೆಯ ಅಂಚಿನಲ್ಲಿ ಇಣುಕಿದ ಕೂದಲು ಪೂರ್ತಿ ಬೆಳ್ಳಗೆ.

"ಯಾರು, ಸ್ವರ್ಣನಾ? ದೂಮಪ್ಪ ತೀರಿಕೊಂಡಾಗ ಬರಲಿಕ್ಕಾಗಲಿಲ್ಲ ಮಾರಾಯ್ತಿ, ಈ ಕಾಲು ನೋಡು. ಕೂತುಕೋ. ರಶೀದಾ, ಚಹಾ ತಾ."

ಮೊಮ್ಮಗಳು ರಶೀದಾ ಚಹಾ ಇಟ್ಟು ಒಳಗೆ ಹೋದ ಮೇಲೆ ಸ್ವರ್ಣಲತಾ ವಿಷಯ ಹೇಳಿದಳು. ಮಣಿಪಾಲ, ಗೋಡೆಯಗಲದ ಪರದೆ, ಪ್ರದರ್ಶನ. ಹೇಳುತ್ತಾ ಹೋದಂತೆ ತನ್ನ ದನಿ ಗಂಡನ ಭಾಷಣದ ದನಿಯಂತೆ ಆಗುತ್ತಿದೆ ಎನಿಸಿ ನಿಲ್ಲಿಸಿದಳು. ಚೀಲದಿಂದ ಬಟರ್ ಪೇಪರಿನ ಲಕೋಟೆ ತೆಗೆದು ಕೊಟ್ಟಳು.

ಬೀಪಾತುಮ್ಮ ನೆಗೆಟಿವನ್ನು ಅಂಗಳದ ಬಿಸಿಲಿಗೆ ಹಿಡಿದಳು. ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಕೂದಲು ಹರಡಿಕೊಂಡು, ಬಾಯಿತುಂಬ ನಗುತ್ತಿದ್ದ ಇಪ್ಪತ್ತೈದರ ಹೆಂಗಸು ಅದರಲ್ಲಿದ್ದಳು. ನೆಗೆಟಿವ್ ಆದ್ದರಿಂದ ಕೂದಲು ಬೆಳ್ಳಗೆ, ಮುಖ ಕಪ್ಪಗೆ.

"ಇದೆಂತ, ಈಗಿನ ಮುದುಕಿಯನ್ನೇ ಆವಾಗ ತೆಗೆದಿಟ್ಟಿದ್ದೀ" ಎಂದಳು ಬೀಪಾತುಮ್ಮ. ಇಬ್ಬರೂ ನಕ್ಕರು. ನಗು ನಿಂತ ಮೇಲೂ ಬೀಪಾತುಮ್ಮ ಅದನ್ನು ಕೆಳಗಿಳಿಸಲಿಲ್ಲ.

"ಕನ್ನಡಕ ಇವರದ್ದು. ಮಸ್ಕತ್ತಿನಿಂದ ಬರುವಾಗ ತಂದದ್ದು. ನನಗೆ ಹಾಕಲಿಕ್ಕೆ ಕೊಡುತ್ತಿರಲಿಲ್ಲ. ಆವತ್ತು ಕದ್ದು ತಂದಿದ್ದೆ."

"ಗೊತ್ತುಂಟು. ಹೇಳಿದ್ದಿರಿ."

"ಸ್ವರ್ಣ, ಒಂದು ಮಾತು ಕೇಳ್ತೇನೆ. ಯಾರಿಗೂ ತೋರಿಸುವುದಿಲ್ಲ ಎಂದು ನೀನು ಹೇಳಿದ್ದಿ. ಎಲ್ಲಿಯ ತನಕ ಹೇಳಿದ್ದು? ನಾನು ಸಾಯುವ ತನಕವಾ, ನೀನು ಸಾಯುವ ತನಕವಾ?"

"ಅದನ್ನು ಆಗ ಯೋಚಿಸಲಿಲ್ಲ" ಎಂದಳು ಸ್ವರ್ಣಲತಾ.

"ನಾನೂ ಯೋಚಿಸಲಿಲ್ಲ. ಇದನ್ನು ಮರೆತೇ ಬಿಟ್ಟಿದ್ದೆ. ಈಗ ನೋಡಿದೆ, ಈಗ ಇದು ನನಗೆ ಬೇಕು. ಇಲ್ಲಿ ಇರಲಿ." ಲಕೋಟೆಯನ್ನು ತೊಡೆಯ ಕೆಳಗೆ ಸರಿಸಿದಳು. "ರಶೀದಾ ದಿನಕ್ಕೆ ಹತ್ತು ಸಲ ಫೋನಿನಲ್ಲಿ ಫೋಟೋ ತೆಗೆದು ಊರಿಗೆಲ್ಲ ಕಳಿಸ್ತಾಳೆ. ಅವಳಿಗೆ ಬೇಕಾದರೆ ತೋರಿಸ್ತೇನೆ. ಬೇಡವಾದರೆ ಇಲ್ಲ. ಅದು ನಾನು ನೋಡಿಕೊಳ್ಳುವಂಥದ್ದು."

"ಉಳಿದವರದ್ದು?"

"ಉಳಿದವರನ್ನು ನನ್ನ ಹತ್ತಿರ ಯಾಕೆ ಕೇಳ್ತಿ? ನಿನ್ನ ಗಂಡ ಪಕ್ಷದವರ ಎದುರು ಎಂತ ಹೇಳುತ್ತಿದ್ದ, ನೆನಪುಂಟಾ? ಕಾಪುವಿನ ಹೆಂಗಸರ ಓಟೆಲ್ಲ ನನ್ನ ಕಿಸೆಯಲ್ಲುಂಟು ಅಂತ. ನಾನು ಆ ಸಲ ಬೇರೆಯವರಿಗೇ ಹಾಕಿದ್ದು." ಬೀಪಾತುಮ್ಮ ಮತ್ತೆ ಎಣ್ಣೆಗೆ ಕೈ ಹಾಕಿದಳು. "ನೀನೂ ಈಗ ನಮ್ಮನ್ನು ಒಟ್ಟಿಗೆ ಕಿಸೆಗೆ ಹಾಕಬೇಡ. ಒಬ್ಬೊಬ್ಬಳನ್ನೇ ಕೇಳು."

ಸಂಜೆ ಸ್ವರ್ಣಲತಾ ಎಸ್ತರ್‌ಗೆ ಫೋನು ಮಾಡಿ, ಪಟ್ಟಿಯಿಂದ ಡಬ್ಬಿಯನ್ನು ತೆಗೆಯಬೇಕು ಎಂದಳು.

"ಒಪ್ಪಿದವರದ್ದು ಮಾತ್ರ ಇಡುವಾ ಆಂಟಿ. ಒಪ್ಪಿಗೆಯ ಫಾರ್ಮು ಕಳಿಸ್ತೇನೆ. ಆದರೆ ಕಡಿಮೆಯಾದರೆ ಪ್ರದರ್ಶನ ಅಂತ ಮಾಡಲಿಕ್ಕಾಗುವುದಿಲ್ಲ. ಮೇಲಿನವರು ಒಪ್ಪುವುದಿಲ್ಲ."

"ಆಗದಿದ್ದರೆ ಇಲ್ಲ."

"ನಿಮ್ಮದು? ಆ ಮೈಕಿನದ್ದು?"

"ನನ್ನನ್ನು ನಾನಿನ್ನೂ ಕೇಳಲಿಲ್ಲ" ಎಂದಳು ಸ್ವರ್ಣಲತಾ. ಎಸ್ತರ್ ನಕ್ಕಳು. ಇವಳು ನಗಲಿಲ್ಲ.

ಗಂಡನ ಕಾಗದಗಳು ಪೆಟ್ಟಿಗೆಗಳಲ್ಲಿ ಮಣಿಪಾಲಕ್ಕೆ ಹೋದವು. ಪಕ್ಷದವರು ಅದಕ್ಕೊಂದು ಸಭೆ ಮಾಡಿ, ಸ್ವರ್ಣಲತಾಳಿಗೆ ಶಾಲು ಹೊದಿಸಿ, ದಿವಂಗತರ ಬೆನ್ನ ಹಿಂದೆ ನಿಂತ ಧರ್ಮಪತ್ನಿ ಎಂದು ಕರೆದರು. ಮರುವಾರದಿಂದ ಸ್ವರ್ಣಲತಾ ಚೀಲ ಹಿಡಿದು ಊರೂರು ತಿರುಗಿದಳು. ಬರ್ತಾ ತೀರಿಹೋಗಿದ್ದಳು, ಮಗಳು ಆಂಜೆಲಾ ಇನ್ನಂಜೆಯ ಗಂಡನ ಮನೆಯಲ್ಲಿ ಅಮ್ಮನ ಚಿತ್ರ ನೋಡಿ ಅತ್ತು, ಫಾರ್ಮಿಗೆ ಒಡನೆ ಸಹಿ ಹಾಕಿದಳು. ಎಲ್ಲರೂ ನೋಡಲಿ ಎಂದಳು. ಸಹಿ ಸಿಕ್ಕಿತೆಂದು ಸಂತೋಷಪಡುತ್ತಲೇ, ಸತ್ತವಳ ಪರವಾಗಿ ಮಗಳು ಒಪ್ಪಿದರೆ ಆಯಿತೇ ಎಂಬ ಅನುಮಾನ ಸ್ವರ್ಣಲತಾಳ ಜೊತೆಗೇ ಬಸ್ಸು ಹತ್ತಿತು. ಪಡುಬಿದ್ರಿಯ ಒಬ್ಬಳು ಬೇಡವೇ ಬೇಡ ಎಂದು ನೆಗೆಟಿವನ್ನು ಎದುರಿಗೇ ಬೆಂಕಿಗೆ ಹಾಕಿದಳು. ಕೆಲವರ ವಿಳಾಸವೇ ಸಿಗಲಿಲ್ಲ. ಅವರದ್ದು ಡಬ್ಬಿಯಲ್ಲಿ ಉಳಿಯಿತು.

ಇನ್ನೊಬ್ಬಳು ಸರಸ, ಈಗ ಮನೆ ಕಾರ್ಕಳದಲ್ಲಿ. ಮದುವೆಗೆ ಮೊದಲು ಕಾಪುವಿನಲ್ಲಿ ಬೀಡಿ ಕಟ್ಟುತ್ತಿದ್ದವಳು. ಬೀಡಿ ಕಾರ್ಮಿಕರ ಗುರುತಿನ ಚೀಟಿಗೆ ಫೋಟೋ ತೆಗೆಸಲು ಬಂದಿದ್ದಳು. ಉಳಿದ ಚಿತ್ರಕ್ಕೆ ಹೇಗೆ ಕೂರುತ್ತಿ ಎಂದರೆ ಸೊಂಟದಿಂದ ಒಂದು ಬೀಡಿ ತೆಗೆದಿದ್ದಳು. ಆರು ವರ್ಷದಿಂದ ಕಟ್ಟುತ್ತಿದ್ದೇನೆ, ಒಂದನ್ನಾದರೂ ಎಳೆದು ನೋಡಿಲ್ಲ, ಬೆಂಕಿಪೆಟ್ಟಿಗೆ ಕೊಡಿ ಎಂದಿದ್ದಳು.

ಶಿರ್ವ, ಬೆಳ್ಮಣ್ ದಾಟಿ ಬಸ್ಸು ಕಾರ್ಕಳ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಕೇಳಿಕೊಂಡು ಹೋದರೆ ಮನೆಯಲ್ಲಿ ಸರಸ, ಮಗ, ಸೊಸೆ ಎಲ್ಲರೂ ಇದ್ದರು. ಮಗ ಶಾಲೆಯ ಮಾಸ್ತರ, ಆವತ್ತು ರಜೆ. ಹಳೆಯ ಪರಿಚಯ ಎಂದು ಸ್ವರ್ಣಲತಾ ಹೇಳಿದರೂ ಅವನು ಎದ್ದು ಹೋಗಲಿಲ್ಲ. ಅವಳು ಸರಸಳಿಗೆ ಮಾತ್ರ ಕಾಣುವಂತೆ ಲಕೋಟೆ ಕೊಟ್ಟಳು. ಸರಸ ತೆರೆದು ಬೆಳಕಿಗೆ ಹಿಡಿಯುತ್ತಲೇ ಸೊಸೆ ಹಿಂದಿನಿಂದ ಬಗ್ಗಿದಳು.

"ಇದು ಯಾರು ಅತ್ತೆ? ಬಾಯಲ್ಲಿ ಅದೆಂತ, ಬೀಡಿಯಾ?"

"ನನಗೆ ಗೊತ್ತಿಲ್ಲ" ಎಂದಳು ಸರಸ. ನೆಗೆಟಿವನ್ನು ಮತ್ತೆ ಲಕೋಟೆಗೆ ಹಾಕಿ ಹಿಂದಕ್ಕೆ ಕೊಟ್ಟಳು. "ಇದು ನಾನಲ್ಲ. ನಿಮಗೆ ತಪ್ಪಿಹೋಗಿದೆ. ಸರಸ ಅಂತ ಕಾಪುವಿನಲ್ಲಿ ಎಷ್ಟು ಜನ ಇಲ್ಲ?"

ಅವಳ ಕಣ್ಣು ಸ್ವರ್ಣಲತಾಳ ಕಣ್ಣನ್ನು ಒಮ್ಮೆಯೂ ಸಂಧಿಸಲಿಲ್ಲ.

"ಇರಬಹುದು" ಎಂದಳು ಸ್ವರ್ಣಲತಾ. "ವಯಸ್ಸಾಯಿತು ನೋಡಿ, ಮುಖ ಗುರುತು ಹತ್ತುವುದಿಲ್ಲ." ಫಾರ್ಮು ಚೀಲದಲ್ಲೇ ಉಳಿಯಿತು. ಕೊಟ್ಟ ನೀರು ಕುಡಿದು, ಮಾಸ್ತರನ ಶಾಲೆಯ ಬಗ್ಗೆ ಎರಡು ಮಾತಾಡಿ ಎದ್ದಳು.

ಬಸ್ಸು ನಿಲ್ಲುವ ಜಾಗಕ್ಕೆ ಬಂದು ಮರದ ನೆರಳಲ್ಲಿ ನಿಂತಿದ್ದಾಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ಸರಸ ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಹಿಡಿದು ಬೇಗಬೇಗನೆ ಬರುತ್ತಿದ್ದಳು. ಅಂಗಡಿಗೆ ಸಕ್ಕರೆಗೆ ಹೊರಟವಳಂತೆ. ಹತ್ತಿರ ಬಂದು ನಿಂತಳು, ಏದುಸಿರು ಬಿಟ್ಟಳು, ರಸ್ತೆಯ ಆಚೆ ಈಚೆ ನೋಡಿದಳು. ಕೈ ಚಾಚಿದಳು.

ಸ್ವರ್ಣಲತಾ ಲಕೋಟೆ ಕೊಟ್ಟಳು.

ಸರಸ ಅದನ್ನು ರವಿಕೆಯೊಳಗೆ ಸೇರಿಸಿ ಸೆರಗು ಸರಿ ಮಾಡಿಕೊಂಡಳು. ಆಮೇಲೆ ಮೊದಲ ಸಲ ನೇರ ನೋಡಿದಳು.

"ನಾನು ಎಷ್ಟು ಕೆಮ್ಮಿದ್ದೆ, ಅಲ್ವಾ?"

"ಕೆಮ್ಮಿದ್ದಿ. ನಾನು ಬೆನ್ನು ತಟ್ಟಿದ್ದೆ."

"ಚಿತ್ರದಲ್ಲಿ ಕೆಮ್ಮು ಕಾಣುವುದಿಲ್ಲ ಅಲ್ಲವಾ?"

"ಇಲ್ಲ. ಚಿತ್ರದಲ್ಲಿ ರಾಣಿಯ ಹಾಗೆ ಕೂತಿದ್ದಿ."

ಸರಸ ತಲೆಯಾಡಿಸಿದಳು, ಅಷ್ಟು ಕೇಳಲಿಕ್ಕೇ ಬಂದವಳ ಹಾಗೆ. ಬಸ್ಸು ಬರುತ್ತಿರುವುದು ಕಾಣಿಸಿತು. ಅದು ನಿಲ್ಲುವ ಮೊದಲೇ ಅವಳು ತಿರುಗಿ, ಅಂಗಡಿಯ ಕಡೆಗೆ ನಡೆದಳು.